ಮುಕಾದಮನ ಮೊದಲ ಚಂಬು

ಮೂತ್ರ ಕೆಂಪಗೆ ಹೋಯಿತು.

ತಾಂಡೂರಿನ ಕಲ್ಲು ಖಣಿಯಲ್ಲಿ, ಒಡೆದ ಚೂರುಗಳ ಗುಡ್ಡೆಯ ಮರೆಗೆ ಹೋಗಿದ್ದೆ. ಮೊದಲ ಅನುಮಾನ ಹಿಂದಿನ ದಿನ ಬೀಗರ ಮನೆಯಲ್ಲಿ ಉಂಡ ಊಟದ ಮೇಲೆ. ಏನು ಹಾಕಿದ್ದರೋ ಯಾರಿಗೆ ಗೊತ್ತು. ಕಾಲಿನಿಂದ ಮಣ್ಣು ಎಳೆದು ಮುಚ್ಚಿದೆ. ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಕೆಲಸಕ್ಕೆ ಮರಳಿದೆ.

ನಾನು ಆ ಖಣಿಯ ಮುಕಾದಮ, ಕಲ್ಲು ಎಬ್ಬಿಸುವ ತಂಡದ ಮುಂದಾಳು. ಪದರ ಪದರವಾಗಿ ಕೂತ ಕಲ್ಲಿನ ಸಂದಿಗೆ ಎಲ್ಲರೂ ಹಾರೆ ಇಟ್ಟ ಮೇಲೆ ನಾನು "ಜೋರ್ ಲಗಾಕೇ" ಎಂದು ಕೂಗಬೇಕು; ಅವರು "ಹೈಸಾ" ಎಂದು ಒಟ್ಟಿಗೆ ಮೀಟಬೇಕು. ಕೂಗು ಸಡಿಲಾದರೆ ಕಲ್ಲು ಅರ್ಧಕ್ಕೆ ಸೀಳುತ್ತದೆ, ಇಲ್ಲವೇ ಯಾರದೋ ಪಾದದ ಮೇಲೆ ಕೂರುತ್ತದೆ. ನನ್ನ ಕೂಗು ಸಡಿಲಾದದ್ದೇ ಇಲ್ಲ. ಬೈಯುತ್ತ, ನಗಿಸುತ್ತ, ಸುಡು ಬಿಸಿಲಲ್ಲೂ ಕೆಲಸ ತೆಗೆಯುತ್ತಿದ್ದೆ. ನಮ್ಮಲ್ಲೊಂದು ಕಟ್ಟಳೆಯಿದೆ: ಕೊಡದ ಮೊದಲ ಚಂಬು ನೀರು ಮುಕಾದಮನದು, ಅವನು ಕುಡಿಯುವ ತನಕ ಉಳಿದವರು ಕೊಡ ಮುಟ್ಟುವುದಿಲ್ಲ. ಹೊಟ್ಟೆ ತುಂಬ ನೀರಾದರೆ ತೋಳು ಸೋಲುತ್ತದೆಂದು ನಾನು ನಂಬಿದವನು. ಎಬ್ಬಿಸಲು ಹಿಡಿದ ಕಲ್ಲಿನ ಸಾಲು ಮುಗಿಯದೆ ಚಂಬು ಎತ್ತುತ್ತಿರಲಿಲ್ಲ. ಅದನ್ನೇ ಉಮೇದು ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ "ಜೋರ್" ಎಂದೆ. "ಲಗಾಕೇ" ಬರಲಿಲ್ಲ.

ಪಕ್ಕೆಗೆ ಉಳಿ ಇಟ್ಟು ಹೊಡೆದಂತಾಯಿತು. ಬಿದ್ದೆ. ಕಣ್ಣು ಬಿಟ್ಟಾಗ ದವಾಖಾನೆಯ ಬೆಡ್ ಮೇಲಿದ್ದೆ. ಡಾಕ್ಟರ್ ಸಾಹೇಬರು ಪಕ್ಕೆ ಒತ್ತಿ ನೋಡಿದರು. ಕಿಡ್ನಿಯಲ್ಲಿ ಸ್ಟೋನ್, ಎಂದರು.

ನನ್ನ ಹೆಂಡತಿ ಈರಮ್ಮ ಅಳುತ್ತಲೇ ಚುಚ್ಚಿದಳು: "ಹೊರಗಿನ ಕಲ್ಲು ಸಾಲಲಿಲ್ಲಂತ ಒಳಗೂ ಒಂದು ಖಣಿ ತಗದೀರೇನ್ರಿ?"

"ಔಷಧ ಏನ್ರಿ ಸಾಹೇಬ್?" ಎಂದು ಕೇಳಿದೆ.

"ಪಾನಿ ಪೀವೋ. ಖೂಬ್ ಪೀವೋ."

ಇಂಜೆಕ್ಷನ್ ಕೊಟ್ಟರು, ಕಾಂಪೌಂಡರ್ ಕೈಯಲ್ಲಿ ಕಹಿ ಮಿಕ್ಸ್ಚರ್ ಕೊಡಿಸಿದರು. ಆದರೆ ಮತ್ತೆ ಮತ್ತೆ ಹೇಳಿದ್ದು ನೀರು. ನೀರೂ ಔಷಧವೇ? ನನಗೆ ನಂಬಿಕೆ ಬರಲಿಲ್ಲ. ನಿಜವಾದ ರೋಗ ಬೇರೆ ಇರಬೇಕು, ಮುಚ್ಚಿಡುತ್ತಿದ್ದಾರೆ ಎನಿಸಿತು. ವರಾಂಡದಲ್ಲಿ ಡಾಕ್ಟರ್ ಜೊತೆ ಗುಸುಗುಸು ಮಾತಾಡುತ್ತಿದ್ದವನು ಈರಮ್ಮನ ತಮ್ಮ ನಾಗಪ್ಪ. ನನ್ನ ಬದಲಿಗೆ ಈಗ ಖಣಿಯಲ್ಲಿ ಕೂಗುತ್ತಿದ್ದವನೂ ಅವನೇ. ನಾನು ತಲೆ ಎತ್ತಿದ ಕೂಡಲೇ ಇಬ್ಬರೂ ಮಾತು ನಿಲ್ಲಿಸಿದರು.

"ಮಾವಾ, ಅವಸರ ಮಾಡಬ್ಯಾಡ್ರಿ. ಪೂರಾ ಆರಾಮ ಆಗ್ಲಿ," ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಮ್ಮೂರು ಯಾಲಾಲಿನ ಮನೆಗೆ ಬಂದ ಮೇಲೂ ಅದೇ ಯೋಚನೆ. ಖಣಿ ಹೇಗೆ ನಡೆದಿದೆ ಎಂದು ಕೇಳಿದರೆ ಈರಮ್ಮ ಥಟ್ಟನೆ "ಚಂದ ನಡದದರಿ" ಅನ್ನುತ್ತಿದ್ದಳು. ಅಷ್ಟು ಬೇಗ ಬರುವ ಉತ್ತರ ನಿಜವಿರುವುದಿಲ್ಲ. ಅಕ್ಕ ತಮ್ಮ ಸೇರಿ ನನ್ನನ್ನು ಮೂಲೆಗೆ ಕೂರಿಸುತ್ತಿದ್ದಾರೆ. ಭಯವಾಯಿತು. ಕೂಗುವ ಕೆಲಸ ಹೋದರೆ ನಾನು ಯಾರು?

ಪಕ್ಕೆಯ ನೋವು ಇರುವಾಗಲೇ ಒಂದು ಬೆಳಿಗ್ಗೆ, ಈರಮ್ಮ ಹೊಲಕ್ಕೆ ಹೋದದ್ದು ನೋಡಿ, ಪಕ್ಕದ ಮನೆಯವರ ಗಾಡಿ ಹತ್ತಿದೆ. ಖಣಿ ಮುಟ್ಟಿ, ಅದೇ ಗುಡ್ಡೆಯ ಮರೆಯಲ್ಲಿ ಕಳ್ಳನಂತೆ ಕೂತೆ.

ಸಾಲು ಅರ್ಧವೂ ಆಗಿರಲಿಲ್ಲ. ನಾಗಪ್ಪ ಹಾರೆ ಕೆಳಗಿಟ್ಟು ಕೊಡದತ್ತ ಹೋದ. ಮೊದಲ ಚಂಬು ತಾನೇ ಗಟಗಟ ಕುಡಿದ. ಹಿಂದೆಯೇ ಎಲ್ಲರೂ ಮುಗಿಬಿದ್ದರು. ನನಗೆ ಮೈ ಉರಿಯಿತು. ಇನ್ನು ಇವರ ತೋಳು ಸೋಲುತ್ತದೆ, ಕಲ್ಲು ಸೀಳುತ್ತದೆ ಎಂದು ಕಾದೆ. ಸೀಳಲಿ ಎಂದೇ ಕಾದೆ.

ಕಲ್ಲು ಇಡಿಯಾಗಿ ಎದ್ದಿತು.

ನಾನಿಲ್ಲದೆ ಎದ್ದಿತು. ಅಷ್ಟರಲ್ಲಿ ಹಾರೆ ಹಿಡಿಯುವ ಸಾಯಬಣ್ಣ ಗುಡ್ಡೆಯ ಮರೆಗೆ ಬಂದ. ನಾನು ಕೂತದ್ದು ಅವನಿಗೆ ಕಾಣಲಿಲ್ಲ. ಮೂತ್ರ ಮಾಡಿ ಎದ್ದು, ಅತ್ತಿತ್ತ ನೋಡಿ, ಕಾಲಿನಿಂದ ಮಣ್ಣು ಎಳೆದ.

ಪೂರ್ತಿ ಮುಚ್ಚದ ಮಣ್ಣಿನಡಿ ಕೆಂಪಿತ್ತು.

"ಯಾವಾಗಿಂದ ಸಾಯಬಣ್ಣ?"

ಬೆಚ್ಚಿಬಿದ್ದ. "ಹ್ವಾದ ಬ್ಯಾಸಗಿಲಿಂದರಿ."

"ನನ್ನ ಮುಂದ ಯಾಕ ಹೇಳಲಿಲ್ಲ?"

"ನೀವೇ ನೀರಿಲ್ಲದ ನಿಂತಿರ್ತಿದ್ರಿ. ನಾ ಯಾವ ಮಾರಿ ಇಟ್ಕೊಂಡು ನೀರು ಕೇಳಬೇಕಿತ್ರಿ?"

ದನಿ ಕೇಳಿ ನಾಗಪ್ಪ ಓಡಿ ಬಂದ. "ಡಾಕ್ಟರ್ ಸಾಹೇಬ್ರಿಗಿ ಇವನ ಬಗ್ಗೇನೇ ಕೇಳ್ಲಿಕತ್ತಿದ್ದೆ ಮಾವಾ. ನಿಮ್ಮ ಮುಂದ ಹೇಳಬ್ಯಾಡಂತ ಆಣಿ ಹಾಕಿದ್ದ. ಕೆಲಸ ಬಿಡಸ್ತೀರಂತ ಅಂಜಿಕಿ ಅವಂಗ."

ಅವರ ಎದುರಿಗೇ ಕಣ್ಣೀರು ಬಂತು. ನಾನು ಎಲ್ಲರ ಮೇಲೆ ಅನುಮಾನಪಟ್ಟಿದ್ದೆ, ಬೀಗರ ಅನ್ನದ ಮೇಲೂ. ನನ್ನ ಉಮೇದಿನ ಮೇಲೆ ಮಾತ್ರ ಪಟ್ಟಿರಲಿಲ್ಲ.

ಕೆಲವು ದಿನಗಳಲ್ಲಿ ನನ್ನೊಳಗಿನ ಕಲ್ಲು ಮೂತ್ರದಲ್ಲಿ ಬಿತ್ತು. ಜೋಳದ ಕಾಳಿಗಿಂತ ಚಿಕ್ಕದು. ಇಷ್ಟಕ್ಕೆ ಅಷ್ಟು ಒದ್ದಾಡಿಸಿತೇ ಎಂದು ಅದರ ಮೇಲೂ ಅನುಮಾನ ಬಂತು. ಡಾಕ್ಟರ್ ಸಾಹೇಬರಿಗೆ ಕೈ ಮುಗಿದೆ. ಕಲ್ಲು ಮತ್ತೆ ಬರಬಹುದು ಎಂದರು.

ಈಗ ಬೆಳಗಿನ ಕೂಗು ನನ್ನದು, ಮಧ್ಯಾಹ್ನದ್ದು ನಾಗಪ್ಪನದು. ಬಾಯಾರಿಕೆ ಇರಲಿ ಬಿಡಲಿ, ಸಾಲಿನ ನಡುವೆ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ ಮೊದಲ ಚಂಬು ಕುಡಿಯುತ್ತೇನೆ. ಎರಡನೆಯದು ಸಾಯಬಣ್ಣನಿಗೆ. ಅವನು ಚಂಬು ಎತ್ತಿ "ಕುಡದ್ನಿರಿ" ಅನ್ನುತ್ತಾನೆ. ನಾನು ನಂಬುವುದಿಲ್ಲ. ಅವನ ಗಂಟಲು ಅಲುಗುವ ತನಕ ನೋಡುತ್ತ ನಿಲ್ಲುತ್ತೇನೆ.