ಗಾಲಿಗೆ ಯಾರು ಹೇಳವ್ರು?

ಗಾಡಿ ಓಡಿಸುವಾಗ ಮಿಸ್ತ್ರಿಯವರು ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳುತ್ತಿದ್ದರು. ಒಡೆದ ಹಿಮ್ಮಡಿ, ಗ್ರೀಸು ಕುಡಿದು ಕಪ್ಪಾದ ಹೆಬ್ಬೆರಳು. ಆ ಹೆಬ್ಬೆರಳೊಂದರಲ್ಲೇ ಆಕ್ಸಲೇಟರ್ ಒತ್ತುವರು. ಯಾಕೆಂದು ಕೇಳಿದರೆ, "ಗಾಡಿ ಎಲ್ಲಿ ತ್ರಾಸ ಪಡಾಕತ್ತೈತಿ ಅಂತ ಕಾಲಿಗೆ ತಿಳೀಬೇಕ್ರಿ ಬಾಯಾರ" ಅನ್ನುವರು.

ನಾನು ಶಿಗ್ಗಾವಿ ತಾಲ್ಲೂಕಿನಲ್ಲಿ ದನದ ಡಾಕ್ಟರು, ಹೆಣ್ಣುಮಗಳೆಂದು ಅವರ ಬಾಯಲ್ಲಿ 'ಬಾಯಾರು'. ಅವರು ಪೇಟೆಯ ಗ್ಯಾರೇಜಿನ ಮಿಸ್ತ್ರಿ. ಅವರಿಂದ ಹಳೆಯ ಫೋರ್‌ವ್ಹೀಲ್ ಜೀಪು ಕೊಂಡಾಗ ನನ್ನ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಏಸಿ ಇಲ್ಲ, ಕಿಟಕಿಯ ಗಾಜು ಅರ್ಧಕ್ಕೇ ನಿಲ್ಲುತ್ತದೆ. ಮಿಸ್ತ್ರಿಯವರು ಬೇಜಾರು ಮಾಡಿಕೊಳ್ಳಲಿಲ್ಲ. "ಹೊಸಾ ಗಾಡಿ ಲಗ್ನಕ್ಕ ಹೋಗಾಕ, ಇದು ಹೊಲಕ್ಕ ಹೋಗಾಕ" ಎಂದು ಅವನನ್ನೇ ಜೀಪಿನ ಕೆಳಗೆ ಮಲಗಿಸಿ ತೋರಿಸಿದರು: ಕಲ್ಲು ತಾಗದಷ್ಟು ಎತ್ತರದ ಹೊಟ್ಟೆ, ಉದ್ದಕ್ಕೂ ಕಬ್ಬಿಣದ ಚಾಸಿ, ಮುಂದಿನ ಗಾಲಿಗಳಿಗೂ ಎಂಜಿನ್ನಿನ ಬಲ ಒಯ್ಯುವ ಇನ್ನೊಂದು ದಂಡ. ಅಂಗಿ ಕೊಳೆಯಾಯಿತೆಂದು ತಮ್ಮ ಸಿಡುಕಿದ. ಆಗಲಿ, ಬಾಯಿ ಮುಚ್ಚಿತಲ್ಲ ಎಂದು ನಾನು ಹಿಗ್ಗಿದೆ.

ಮುಂದಿನ ಒಂದೊಂದು ಗಾಲಿಯ ಹೊರಮೈಯ ನಟ್ಟನಡುವೆಯೂ ಒಂದು ಲಾಕು ಇತ್ತು. ಕೆಸರಿನ ದಾರಿ ಹಿಡಿಯುವ ಮೊದಲು ಕೆಳಗಿಳಿದು ಎರಡನ್ನೂ ಕೈಯಿಂದ ತಿರುಗಿಸಬೇಕು. ಇಲ್ಲದಿದ್ದರೆ ಒಳಗೆ ಕೂತು ಫೋರ್‌ವ್ಹೀಲಿನ ಲಿವರು ಎಷ್ಟು ಎಳೆದರೂ ಆ ಗಾಲಿಗಳಿಗೆ ಬಲ ಮುಟ್ಟದು. ಹತ್ತು ಸಲ ಹೇಳಿದ್ದರು. ನಾನೂ ಹತ್ತು ಸಲ "ಹೂಂರಿ" ಅಂದಿದ್ದೆ.

ಒಂದು ಮಳೆಗಾಲದ ಮಧ್ಯಾಹ್ನ ಹಿರೇಬೆಂಡಿಗೇರಿಯಿಂದ ಫೋನು ಬಂತು. ಹೊಲದ ಮನೆಯಲ್ಲಿ ಒಬ್ಬ ಮುದುಕಿಯ ಎಮ್ಮೆ ಬೆಳಗಿನಿಂದ ಈಯಲಾರದೆ ಒದ್ದಾಡುತ್ತಿತ್ತು. ಆಕೆಯ ಮನೆ ನಡೆಯುತ್ತಿದ್ದುದೇ ಆ ಎಮ್ಮೆಯ ಹಾಲಿನಿಂದ. ಕೆಸರಿನ ದಾರಿಗೆ ನಾನು ಹೊಸಬಳೆಂದು ಮಿಸ್ತ್ರಿಯವರು ಜೊತೆಗೆ ಬಂದು ಪಕ್ಕದ ಸೀಟಿನಲ್ಲಿ ಕೂತರು. ಜಿಗುಟು ಕಪ್ಪುಮಣ್ಣಿನ ಎರೆಹೊಲದ ದಾರಿಗಿಳಿದು ನೂರು ಹೆಜ್ಜೆ ಹೋಗಿರಲಿಲ್ಲ, ಜೀಪು ಹೂತು ನಿಂತಿತು. ಗಾಬರಿಯಲ್ಲಿ ಲಿವರು ಎಳೆದೆ, ಆಕ್ಸಲೇಟರ್ ಒತ್ತಿದೆ. ಹಿಂದಿನ ಗಾಲಿಗಳಷ್ಟೇ ಗಿರ್ರೆಂದು ತಿರುಗಿ ಕೆಸರು ಎರಚಿದವು.

"ಸಾಕ್ ಬಿಡ್ರಿ," ಅಂದರು. "ಲಿವರಿಗೆ ಹೇಳಿದ್ರಿ, ಎಂಜಿನ್ನಿಗೆ ಹೇಳಿದ್ರಿ. ಗಾಲಿಗೆ ಯಾರು ಹೇಳವ್ರು?"

ನಾಚಿಕೆಯಿಂದ ಸತ್ತೇ ಹೋದೆ. ಅವರೇ ಇಳಿದಾರು ಅಂದುಕೊಂಡರೆ, ಕಾಲು ಮೇಲಿಟ್ಟುಕೊಂಡು ಕೂತರು. "ನೀವ ಇಳೀರಿ. ದಿನಾ ನಾ ಜೋಡಿ ಬರಾಕ ಆಗೂದಿಲ್ಲ."

ಮೊಣಕಾಲುದ್ದ ಕೆಸರಿಗಿಳಿದೆ. ಲಾಕಿನ ಮೇಲೆ ಮೆತ್ತಿದ ಎರೆಮಣ್ಣನ್ನು ಬೆರಳಿನಿಂದ ಕೆರೆದು ಎರಡನ್ನೂ ತಿರುಗಿಸಿದೆ. ಟಯರು ಅಗಲವಾಗಿ ಕೂರಲೆಂದು ನಾಲ್ಕಕ್ಕೂ ಒಂದಿಷ್ಟು ಗಾಳಿ ಬಿಟ್ಟೆ. ಹತ್ತಿ ಕೂತು ಎಲ್ಲಕ್ಕಿಂತ ಸಣ್ಣ ಗೇರಿಗೆ ಹಾಕಿದೆ.

"ಈಗ ಓಡಸಬ್ಯಾಡ್ರಿ, ನಡಸ್ರಿ. ಕ್ಲಚ್ಚಿನ ಮ್ಯಾಲಿನ ಕಾಲು ತಗೀರಿ."

ಕೂತ ಎತ್ತು ಮೊಣಕಾಲೂರಿ ಏಳುವಂತೆ ಜೀಪು ಎದ್ದಿತು. ಆಮೇಲೆ ಹೊಲದ ಮನೆಯವರೆಗೂ ಎಲ್ಲೂ ನಿಲ್ಲಲಿಲ್ಲ.

ಕರುವಿನ ಕುತ್ತಿಗೆ ಒಳಗೇ ಹಿಂದಕ್ಕೆ ಮಡಚಿಕೊಂಡಿತ್ತು. ಕೈ ಹಾಕಿ ನೇರ ಮಾಡಿ ಎಳೆದೆ. ಹೆಣ್ಣುಗರು, ಜೀವ ಇತ್ತು. ಎಮ್ಮೆ ತಿರುಗಿ ಅದನ್ನು ನೆಕ್ಕತೊಡಗಿತು. ಮುದುಕಿ ಬಂದು ಮಿಸ್ತ್ರಿಯವರಿಗೆ ಕೈಮುಗಿದಳು. "ಇಂಥಾ ರಾಡ್ಯಾಗ ಡಾಕ್ಟರನ್ನ ಕರಕೊಂಡು ಬಂದ್ಯಲ್ಲೋ ಯಪ್ಪಾ."

"ನಾ ಎಲ್ಲಿ ಕರಕೊಂಡು ಬಂದ್ನಿ ಯವ್ವಾ? ನಾ ಸುಮ್ನ ಕುಂತಿದ್ನಿ. ಬಾಯಾರು ನನ್ನ ಕರಕೊಂಡು ಬಂದ್ರು."

ಕೂದಲವರೆಗೂ ಕೆಸರಾಗಿ ನಿಂತಿದ್ದೆ. ಡಿಗ್ರಿ ಕೈಗೆ ಬಂದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ.

ಮಿಸ್ತ್ರಿಯವರು ಹೋದ ವರ್ಷ ತೀರಿಕೊಂಡರು. ಅವರ ಋಣ ತೀರಿಸುವಂಥದ್ದಲ್ಲ. ಈಗ ಮಳೆಗಾಲದಲ್ಲಿ ಯಾವ ಹಳ್ಳಿಯಿಂದ ಫೋನು ಬಂದರೂ ದನಕ್ಕೆ ಏನಾಗಿದೆ ಎಂದಷ್ಟೇ ಕೇಳುತ್ತೇನೆ. ದಾರಿ ಹೇಗಿದೆ ಎಂದು ಕೇಳುವುದನ್ನು ಬಿಟ್ಟುಬಿಟ್ಟಿದ್ದೇನೆ.