ಎರಡು ಸುತ್ತು ಟೇಪು

ಮೈಕ್‌ಸೆಟ್ ಇಟ್ಟವನಿಗೆ ಮೊದಲು ಕಿವಿ ಹೋಗುತ್ತದೆ, ಆಮೇಲೆ ಸೊಂಟ. ಎಪ್ಪತ್ತರ ದಶಕವಿಡೀ ನಾನು ಹೊನ್ನಾಳಿಯಿಂದ ಹಾರ್ನು, ಆಂಪ್ಲಿಫೈಯರ್, ಹಾಡಿನ ಪ್ಲೇಟು ತುಂಬಿದ ಟ್ರಂಕು ಹೊತ್ತು ಬಸ್ಸಿನ ಟಾಪು ಹತ್ತಿದ್ದೇ ಹತ್ತಿದ್ದು, ಇಳಿದದ್ದೇ ಇಳಿದದ್ದು. ಇವತ್ತು ಸಾಸ್ವೆಹಳ್ಳಿಯಲ್ಲಿ ಮದುವೆ, ನಾಳೆ ಚನ್ನಗಿರಿಯಲ್ಲಿ ನಾಮಕರಣ, ನಾಡಿದ್ದು ಜಗಳೂರು ಕಡೆ ಗೃಹಪ್ರವೇಶ. ಊಟಕ್ಕೆ ಕೊನೇ ಪಂಕ್ತಿ, ಬೈಗುಳಕ್ಕೆ ಮೊದಲನೇ ಪಂಕ್ತಿ. ಹಾಡು ಒಂದು ಗಳಿಗೆ ನಿಂತರೆ ಸಾಕು, "ಏ ಮೈಕಿನೋನೇ, ನಿದ್ದೆ ಮಾಡ್ತೀಯೇನೋ?" ಅಂತ ಚಪ್ಪರದ ಆಚೆಯಿಂದ ಯಾರಾದರೂ ಕೂಗುತ್ತಿದ್ದರು. ನಿಜಕ್ಕೂ ನಿದ್ದೆ ಬಂದಿರುತ್ತಿತ್ತು.

ಹಳ್ಳಿಗಳಲ್ಲಿ ಆಗ ವೋಲ್ಟೇಜು ಕುಗ್ಗಿ ಪ್ಲೇಟು ತೂಕಡಿಸುತ್ತಿತ್ತು. ಅದಕ್ಕೆ ನಮ್ಮ ಕಸುಬಿನವರಿಗೆಲ್ಲ ಗೊತ್ತಿದ್ದ ಒಂದು ಉಪಾಯವಿತ್ತು. ತಿರುಗುವ ತಟ್ಟೆಯನ್ನು ಎತ್ತಿ, ಕೆಳಗಿನ ಮೋಟಾರಿನ ಕಡ್ಡಿಗೆ ಕರಿ ಟೇಪು ಎರಡು ಸುತ್ತು ಸುತ್ತುವುದು. ಕಡ್ಡಿ ದಪ್ಪವಾದರೆ ತಟ್ಟೆ ಚುರುಕಾಗಿ ತಿರುಗುತ್ತದೆ. ಮುಳ್ಳು ಹಾರದಿರಲಿ ಅಂತ ಅದನ್ನು ಹಿಡಿದ ಆರ್ಮಿನ ತಲೆಯ ಮೇಲೆ ಹತ್ತು ಪೈಸೆಯ ನಾಣ್ಯ. ನಮ್ಮ ಇಂಜಿನಿಯರಿಂಗು ಇಷ್ಟೇ.

ಟ್ರಂಕಿನಲ್ಲಿ ಒಂದು ಪ್ಲೇಟು ಮಾತ್ರ ಬಟ್ಟೆ ಸುತ್ತಿಕೊಂಡು ಇರುತ್ತಿತ್ತು. ಅದು ನನ್ನ ಭಾವ ಹಾಡಿದ್ದು. ಅಕ್ಕನನ್ನು ಮದುವೆಯಾದ ಹೊಸದರಲ್ಲಿ ಅವರು ನಾಟಕದ ಕಂಪನಿಯೊಂದರಲ್ಲಿ ಪಾರ್ಟು ಮಾಡುತ್ತಿದ್ದರು, ಆಗ ಒಂದೇ ಒಂದು ಪ್ಲೇಟಿಗೆ ಹಾಡಿದ್ದರು. ಮನೆಯಲ್ಲಿ ಅದನ್ನು ಹಾಕಿ ಕೇಳಲು ಯಂತ್ರವಿರಲಿಲ್ಲ. ಕೆಲವು ವರ್ಷಕ್ಕೆ ಗಂಟಲಿಗೆ ಆಪರೇಷನ್ ಆಗಿ ದನಿಯೇ ಹೋಯಿತು, ಪಿಸುಮಾತಷ್ಟೇ ಉಳಿಯಿತು. ಬಿಳಿಚೋಡಿನಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡರು. ಆ ಕಡೆ ನನ್ನ ಮೈಕ್‌ಸೆಟ್ ಹೋದಾಗಲೆಲ್ಲ ಬಂದು, ಪ್ಲೇಟು ಹಾಕಿಸಿ, ಹಾರ್ನಿನ ಕೆಳಗೆ ತೊಡೆಯ ಮೇಲೆ ತಾಳ ಹಾಕುತ್ತ ಕೂರುತ್ತಿದ್ದರು. ಕರೆಯದ ಮದುವೆಗೂ ಬರುತ್ತಿದ್ದರು, ಒಮ್ಮೊಮ್ಮೆ ಅಕ್ಕನೂ ಜೊತೆಗಿರುತ್ತಿದ್ದಳು.

ಹೀಗೆ ಹನ್ನೆರಡು ವರ್ಷ. ಪ್ಲೇಟು ಬೆಳ್ಳಗಾಗತೊಡಗಿತು, ಹಾಡಿಗಿಂತ ಕರಕರ ಹೆಚ್ಚಾಯಿತು. ಭಾರದ ಆರ್ಮು, ಮೇಲೊಂದು ನಾಣ್ಯ, ಎರಡೂ ಸೇರಿ ಪ್ಲೇಟಿನ ಗೆರೆಗಳನ್ನು ಉಳುತ್ತಿದ್ದವು. ಇನ್ನೊಂದು ಪ್ಲೇಟು ಎಲ್ಲೂ ಸಿಗುತ್ತಿರಲಿಲ್ಲ. ಇದು ಸವೆದರೆ ಭಾವನಿಗೆ ಎರಡನೇ ಸಲ ದನಿ ಹೋದಂತೆ, ಅದೂ ನನ್ನ ಕೈಯಿಂದ. ಅದಕ್ಕೇ ದೊಡ್ಡ ಯಂತ್ರಕ್ಕೆ ಕೈ ಹಾಕಿದೆ.

ದಾವಣಗೆರೆ ಬಿಟ್ಟು ಹೋಗುತ್ತಿದ್ದ ಇಂಜಿನಿಯರೊಬ್ಬರು ತಮ್ಮ ಜರ್ಮನಿಯ ಟರ್ನ್‌ಟೇಬಲ್ ಕೊಟ್ಟರು. ಕಲ್ಲಿನಷ್ಟು ತೂಕದ ತಟ್ಟೆ, ಬೆರಳು ತಾಗಿದರೆ ತೇಲುವ ಆರ್ಮು. ತಟ್ಟೆಯ ಅಂಚಿಗೆ ಸಾಲಾಗಿ ಚುಕ್ಕೆಗಳು. ಟ್ಯೂಬ್‌ಲೈಟಿನಡಿ ಆ ಚುಕ್ಕೆಗಳು ನಿಂತ ಹಾಗೆ ಕಂಡರೆ ವೇಗ ಸರಿಯಾಗಿದೆ ಅಂತ ಲೆಕ್ಕ. ಆದರೆ ಅದರ ಮುಳ್ಳು ಕೂರುವ ಕಾರ್ಟ್ರಿಜ್ ಹೊಸ ಕಾಲದ ಸಣ್ಣ ಗೆರೆಗೆ ಮಾಡಿದ್ದು. ಭಾವನದು ಹಳೇ ಅಗಲ ಗೆರೆ. ಅಗಲ ಮುಳ್ಳಿನ ಕಾರ್ಟ್ರಿಜ್ ಬೇಕೆಂದು ಬೊಂಬಾಯಿಗೆ ಕಾಗದ ಬರೆದೂ ಬರೆದೂ ಬೆರಳು ಸವೆಯಿತು. ಮೊದಲು ಬಂದದ್ದು ಈ ಆರ್ಮಿಗೆ ಕೂರಲಿಲ್ಲ, ಎರಡನೆಯದು ಒಡೆದು ಬಂತು. ಮೂರನೆಯದು ಕೂತಿತು. ಮುಳ್ಳಿನ ಭಾರ ಸರಿಯಾಗಿ ಮೂರು ಗ್ರಾಂ ಇರಬೇಕಂತೆ. ತೂಗುವುದು ಹೆಂಗೆ? ನ್ಯಾಮತಿಯ ಅಕ್ಕಸಾಲಿಗರ ಅಂಗಡಿಗೆ ಯಂತ್ರ ಹೊತ್ತುಕೊಂಡು ಹೋದೆ. ಅವರು ತಕ್ಕಡಿಯ ಒಂದು ತಟ್ಟೆಗೆ ಇಪ್ಪತ್ತನಾಲ್ಕು ಗುಲಗಂಜಿ ಹಾಕಿ, ಇನ್ನೊಂದಕ್ಕೆ ಮುಳ್ಳು ಊರಿಸಿದರು.

"ಚಿನ್ನ ತೂಗೀನಿ, ಬೆಳ್ಳಿ ತೂಗೀನಿ. ಹಾಡಿನ ಮುಳ್ಳು ತೂಗ್ಸಾಕೆ ಬಂದೋರು ನೀವೇ ಮೊದ್ಲು ನೋಡ್ರಿ," ಅಂದರು. ನಗುವಷ್ಟು ತ್ರಾಣ ನನಗೆ ಇರಲಿಲ್ಲ.

ಹಳೇ ಯಂತ್ರವನ್ನು ಜಗಳೂರಿನ ನಮ್ಮ ಕಸುಬಿನವನೊಬ್ಬನಿಗೆ ಕೊಟ್ಟೆ, ಅವನು ಬಿಚ್ಚಿ ಬಿಡಿಭಾಗ ಬಳಸಿಕೊಂಡ. ಹೊಸದನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಿಳಿಚೋಡಿಗೆ ಹೋದೆ. ಅಕ್ಕನ ಪಡಸಾಲೆಯಲ್ಲಿ ಟ್ಯೂಬ್‌ಲೈಟು ಹಾಕಿ, ಚುಕ್ಕೆ ನಿಲ್ಲಿಸಿ, ಮುಳ್ಳು ಇಳಿಸಿದೆ. ಕರಕರ ಮುಕ್ಕಾಲು ಮಾಯವಾಗಿತ್ತು. ತುಂಬಿದ, ನಿಧಾನದ, ಸ್ವಲ್ಪ ಭಾರವಾದ ದನಿಯೊಂದು ಹಾಡಿತು.

ಅಡುಗೆಮನೆಯಿಂದ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಲೋ, ಇವರೇ ಕಣೋ! ಮದುವೆ ಆದ ಹೊಸದ್ರಾಗೆ ಹಿಂಗೇ ಹಾಡೋರು!" ಅಂದವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಭಾವನ ಕೈ ತೊಡೆಯ ಮೇಲೆ ಸುಮ್ಮನಿತ್ತು. "ಇದು ನಾನಲ್ಲ," ಎಂದು ಪಿಸುಗುಟ್ಟಿದರು. "ಮಷಿನ್ ಕೆಟ್ಟೈತೆ. ಹಳೇದ್ರಾಗೆ ಹಾಕಪ್ಪಾ."

ನನಗೆ ಆಗ ಹೊಳೆಯಿತು. ಮೈಕ್‌ಸೆಟ್ ಇಟ್ಟ ಎರಡೇ ವರ್ಷಕ್ಕೆ ವೋಲ್ಟೇಜು ಸರಿಮಾಡಲು ಸ್ಟೆಬಿಲೈಜರ್ ತಂದಿದ್ದೆ, ಆದರೆ ಕಡ್ಡಿಯ ಟೇಪು ಬಿಚ್ಚಿರಲಿಲ್ಲ. ಆಮೇಲೆ ಎಲ್ಲ ಹಾಡೂ ಓಡುತ್ತಿತ್ತು, ಓಡಿದಷ್ಟೂ ದನಿ ಎಳೆಯದಾಗುತ್ತಿತ್ತು. ಮದುವೆಮನೆಯವರಿಗೆ ಹುರುಪೇ ಬೇಕಿತ್ತು, ಯಾರೂ ಕೇಳಲಿಲ್ಲ. ಅಷ್ಟು ವರ್ಷ ನಾಲ್ಕು ತಾಲ್ಲೂಕಿನ ಕಿವಿಯ ಮೇಲೆ ಹೂವಿಟ್ಟಿದ್ದೆ, ಭಾವನ ಕಿವಿಯ ಮೇಲೂ. ಅವರಿಗೆ ನೆನಪಿದ್ದ ಎಳೆಯ, ಚುರುಕು ದನಿ ನನ್ನ ಟೇಪಿನದು.

ಎಲ್ಲ ಹೇಳಿದೆ. ಅವರು ಒಪ್ಪಲಿಲ್ಲ. "ನನ್ ದನಿ ನಂಗೆ ಗೊತ್ತಿಲ್ವೇನೋ?" ಅಂದರು.

ಅಕ್ಕನನ್ನು ಕೇಳಿದೆ: "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" "ಪ್ಲೇಟಿನಾಗೆ ದನಿ ಹಂಗೇ ಆಗ್ತೈತೇನೋ ಅನ್ಕೊಂಡಿದ್ದೆ," ಅಂದಳು.

ಮಾಡಿದ್ದುಣ್ಣೋ ಮಹರಾಯ ಅಂತ ತಟ್ಟೆ ಎತ್ತಿದೆ. ಆ ಮಿರಿಮಿರಿ ಮಿಂಚುವ ಜರ್ಮನಿ ಕಡ್ಡಿಗೆ ಕರಿ ಟೇಪು ಎರಡು ಸುತ್ತು ಸುತ್ತಿದೆ. ಚುಕ್ಕೆಗಳು ಓಡತೊಡಗಿದವು. ಭಾವನ ಬೆರಳು ತಾಳ ಹಿಡಿಯಿತು. ಅಕ್ಕ ಒಳಗೆ ಹೋದಳು.

ಯಂತ್ರ ಅಲ್ಲೇ ಉಳಿಯಿತು, ನನ್ನ ಕಸುಬಿಗೆ ಅಷ್ಟೊತ್ತಿಗೆ ಕ್ಯಾಸೆಟ್ಟು ಬಂದಿತ್ತು. ನಾನು ಹೋದಾಗಲೆಲ್ಲ, ಭಾವ ಹೊಲಿಗೆ ಅಂಗಡಿಗೆ ಹೊರಟ ಮೇಲೆ, ಅಕ್ಕ ಹತ್ತಿರ ಬಂದು "ಬಿಚ್ಚಿ ಒಂದ್ಸಲ ಹಾಕೋ ತಮ್ಮಾ," ಅನ್ನುವಳು. ಭಾರದ ತಟ್ಟೆ ಎತ್ತುವುದು, ಬಿಚ್ಚುವುದು, ಹಾಕುವುದು, ಅವರು ಊಟಕ್ಕೆ ಬರುವುದರೊಳಗೆ ಮತ್ತೆ ಸುತ್ತುವುದು. ಅವರಿಗೊಂದು ದನಿ, ಅವಳಿಗೊಂದು ದನಿ. ಸೊಂಟ ಹಿಡಿದರೂ ಒಂದು ಸಲವೂ ಒಲ್ಲೆ ಅನ್ನಲಿಲ್ಲ, ಅದು ನನ್ನ ತಪ್ಪಿನ ದಂಡ.

ಎಂಬತ್ತರ ದಶಕದ ಕೊನೆಯಲ್ಲಿ ಭಾವ ತೀರಿಕೊಂಡರು. ಕರ್ಮ ಮುಗಿದ ಮಾರನೇ ದಿನ ಅಕ್ಕ ಪ್ಲೇಟು ತಂದು ಕೊಟ್ಟಳು. ಇನ್ನು ಮುಚ್ಚುಮರೆಯಿಲ್ಲವಲ್ಲ ಎಂದು ಟೇಪು ಬಿಚ್ಚಲು ನಾನು ತಟ್ಟೆಗೆ ಕೈ ಹಾಕಿದೆ.

ಅಕ್ಕ ನನ್ನ ಕೈ ಹಿಡಿದಳು. "ಇರ್ಲಿ ಬಿಡೋ," ಅಂದಳು. "ಅವರಿಗೆ ಹಂಗೇ ಬೇಕಿತ್ತು."