ಬಣ್ಣಕ್ಕೆ ಮೊದಲು ಬಿರುಕು

ಆ ಬೆಳಿಗ್ಗೆಯೂ ಹಾಲು ಕಾಯಿಸಿ, ಬಾಗಿಲಿಗೆ ರಂಗೋಲಿ ಹಾಕಿ, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಆಮೇಲೆ ಸೀರೆ ಬದಲಿಸಿ ಹಳೆಯ ಚೂಡಿದಾರ್ ತೊಟ್ಟು ಮೂಡಲಪಾಳ್ಯದ ನಮ್ಮ ಮನೆಯಿಂದ ಹೊರಟೆ. ಮಳೆಗೆ ಸೋರುವ, ಬೇಸಿಗೆಗೆ ಕಾದ ಕಾವಲಿಯಾಗುವ ತಾರಸಿಗಳನ್ನು ಸರಿಪಡಿಸಲು ಸರ್ಕಾರ ಹೆಂಗಸರಿಗೆ ಉಚಿತ ತರಬೇತಿ ಕೊಡುತ್ತಿತ್ತು. ಅಂದು ಕೊನೆಯ ದಿನ. ನಾಯಂಡಹಳ್ಳಿಯಲ್ಲಿ ಗಾರ್ಮೆಂಟ್ಸ್ ಕೆಲಸದಾಕೆಯೊಬ್ಬರ ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿದರೆ ಸರ್ಟಿಫಿಕೇಟು. ಮದುವೆಯಾದ ಮೇಲೆ ನನ್ನ ಹೆಸರಿಗೆ ಬರಲಿದ್ದ ಮೊದಲ ಸರ್ಟಿಫಿಕೇಟು ಅದು.

ಆ ತಾರಸಿ ಹತ್ತಿದಾಗ ಪ್ಯಾರಪೆಟ್ ಗೋಡೆಯ ಬುಡದಲ್ಲಿ ದಾರದಷ್ಟು ಸಣ್ಣ ಹಸಿರು ಗೆರೆ ಕಂಡಿತು. ಪಾಚಿ. ಮನೆಯಾಕೆಯನ್ನು ಕೇಳಿದೆ: "ನಿಮ್ ಸಂಡಿಗೆ ಯಾವ ಮೂಲೇಲಿ ಒಣಗಲ್ಲಮ್ಮ?"

"ಇಲ್ಲೇ ಆಂಟಿ. ಇಟ್ರೆ ಬೂಷ್ಟು ಹಿಡಿಯುತ್ತೆ."

ಒಂದು ಬಕೆಟ್ ನೀರು ಸುರಿದೆ. ಪೈಪಿನ ಕಡೆ ಹೋಗಬೇಕಾದ ನೀರು ಆ ಗೆರೆಯತ್ತ ಹರಿದು, ಅದರಡಿಯ ಬಿರುಕಿನಲ್ಲಿ ಇಂಗಿತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಆಕೆಯ ಅತ್ತೆ ಕೂಗಿದರು: "ಏಯ್, ಹಾಸಿಗೆ ಮೇಲೆ ತೊಟ್ಟಿಕ್ತೈತೆ!"

ತರಬೇತಿ ಮೇಷ್ಟ್ರು ಗಡಿಯಾರ ನೋಡಿಕೊಂಡರು. "ಬಳೀರಿ ಆಂಟಿ. ಸಂಜೆಯೊಳ್ಗೆ ಆಫೀಸಿಗೆ ಫೋಟೋ ಹೋಗ್ಬೇಕು. ಬೆಳ್ಳಗೆ ಕಂಡ್ರೆ ಸಾಕು."

ದನಿ ಎತ್ತದೆ ಮಾತಾಡುವುದನ್ನು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಇಲ್ಲ ಎನ್ನುವುದಕ್ಕೂ ಅಷ್ಟೇ ದನಿ ಸಾಕು.

"ಸಾರಿ ಸಾರ್. ಬಿರುಕು ಕೆರೆದು, ತುಂಬಿ, ಒಣಗಿಸ್ದೆ ನಾನು ಬಳಿಯಲ್ಲ. ನೀವೇ ಕಲಿಸಿದ್ದು."

"ನಿಮ್ ಹೆಸ್ರು ಲಿಸ್ಟಿಂದ ಹೋಗುತ್ತೆ."

"ಹೋಗ್ಲಿ. ಸರ್ಕಾರ ದುಡ್ಡು ಕೊಟ್ಟಿರೋದು ಇವ್ರ ಮನೆ ಸೋರದೇ ಇರ್ಲಿ ಅಂತ. ಫೋಟೋಗಲ್ಲ."

ಬಣ್ಣದ ಡಬ್ಬದ ಮುಚ್ಚಳ ಹಾಕಿ ಅದರ ಮೇಲೆಯೇ ಕೂತೆ. ನನ್ನ ಜೊತೆ ಕಲಿಯುತ್ತಿದ್ದವಳೊಬ್ಬಳು ನಕ್ಕಳು. "ಈಗ ಎಬ್ಬಿಸಿ ನೋಡಣ ಸಾರ್!" ಎನ್ನುತ್ತಾ ಅವಳೇ ಚಾಣ, ಸುತ್ತಿಗೆ ತಂದಳು.

ಮೇಷ್ಟ್ರು ನನ್ನ ಹೆಸರಿನ ಮುಂದೆ 'ಕೆಲಸ ಅಪೂರ್ಣ' ಎಂದು ಬರೆದರು. ನಿಜವನ್ನೇ ಬರೆದಿದ್ದೀರಿ ಎಂದೆ. ಬಿರುಕು ತುಂಬಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಅದು ಒಣಗಬೇಕು, ಬಣ್ಣವೇನಿದ್ದರೂ ಮರುದಿನ. ಸರ್ಟಿಫಿಕೇಟು ಕೊಡಲಿ ಬಿಡಲಿ, ಬಂದು ಬಳಿದೇ ಬಳಿಯುತ್ತೇನೆ ಎಂದು ಮನೆಯಾಕೆಗೆ ಹೇಳಿ ಬಂದೆ.

ಸಂಜೆ ಸಿಮೆಂಟು ಮೆತ್ತಿದ ಕೈಯಲ್ಲಿ ಗೇಟು ತೆಗೆಯುತ್ತಿದ್ದಾಗ, ಪಕ್ಕದ ಮನೆಯಾಕೆ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ನಾಳೆಯೂ ಹೋಗಬೇಕು ಎಂದೆ. ಅವರು ಸೊಪ್ಪಿನಿಂದ ತಲೆ ಎತ್ತದೆಯೇ ಹೇಳಿದರು:

"ನಾಳೆ ಕಾವೇರಿ ನೀರು ಬಿಡೋ ದಿನ ಕಣ್ರೀ. ಗೇಟಿಗೆ ಬೀಗ ಹಾಕ್ಬೇಡಿ, ನಿಮ್ ಮೋಟರ್ ನಾನೇ ಹಾಕ್ತೀನಿ."